ಯಾರ ತಪ್ಪಿಗೆ ಯಾರ ಮನೆ

ನನ್ನ ಮಗಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದವಳು ನಾನೇ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನ ಬಾಯಿಂದ ಕೇಳಿ. ಕೈ ಹಿಡಿದು ನಡೆಸಿಕೊಂಡು ಹೋದೆ. ಹತ್ತೊಂಬತ್ತು ವರ್ಷದ ಹುಡುಗಿ. ಕೈ ಬಿಡಿಸಿಕೊಳ್ಳಲಿಲ್ಲ.

ನನ್ನ ಹೆಸರು ಮರ್ಲೀನ್. ಲಂಡನ್ನಿನ ಉತ್ತರಕ್ಕೆ ನಗರಸಭೆಯ ಬಾಡಿಗೆ ಮನೆ ನಮ್ಮದು. ಐದನೇ ಮಹಡಿ. ವಾರಕ್ಕೆ ಮೂರು ದಿನ ಲಿಫ್ಟ್ ಕೆಟ್ಟಿರುತ್ತದೆ. ಮನೆಯಲ್ಲಿ ಮೂವರು. ನಾನು, ಮಗಳು ನೆರಿಸಾ, ನನ್ನ ಅಮ್ಮ ಐಸಿಲ್ಡಾ. ಅಮ್ಮನಿಗೆ ಎಂಬತ್ತೊಂದು, ಮಂಡಿ ಎರಡೂ ಹೋಗಿವೆ. ನೆರಿಸಾಳ ಅಪ್ಪ ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಕೆಲಸ ಹುಡುಕಿಕೊಂಡು ಬರ್ಮಿಂಗ್‌ಹ್ಯಾಮಿಗೆ ಹೋದ. ಅವನಿಗೆ ಕೆಲಸ ಸಿಕ್ಕಿತು. ನಮಗೆ ಅವನು ಸಿಗಲಿಲ್ಲ.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿಯುತ್ತೇನೆ. ಚಾದರಗಳು ಗಾಡಿಗಟ್ಟಲೆ ಬರುತ್ತವೆ. ರಕ್ತ, ಕೀವು, ಉಚ್ಚೆ, ಹೇಲು. ಯಂತ್ರಕ್ಕೆ ಹಾಕುವ ಮುಂಚೆ ಕೈಯಿಂದ ಬೇರೆ ಮಾಡಬೇಕು. ಕೈಗವಸು ಕೊಡುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹರಿದಿರುತ್ತದೆ. ಎರಡು ಸಲ ಸೂಜಿ ಚುಚ್ಚಿದೆ. ಎರಡು ಸಲವೂ ಆರು ತಿಂಗಳು ರಕ್ತಪರೀಕ್ಷೆಯ ಚೀಟಿ ಕಾಯುತ್ತ ಬದುಕಿದೆ. ಆಮೇಲೆ ಇಸ್ತ್ರಿ ಉರುಳೆ. ಬಿಸಿ ಚಾದರವನ್ನು ಇಬ್ಬರು ಎರಡು ತುದಿ ಹಿಡಿದು ಉರುಳೆಗೆ ಕೊಡಬೇಕು. ಮೊಣಕೈವರೆಗೆ ಸುಟ್ಟ ಗೆರೆಗಳಿವೆ. ಈ ಊರಿನಲ್ಲಿ ಯಾರು ಯಾವ ಹಾಸಿಗೆಯಲ್ಲಿ ಸತ್ತರೂ ಅವರ ಕೊನೆಯ ಕೊಳೆ ನನ್ನ ಕೈ ದಾಟಿಯೇ ಹೋಗುತ್ತದೆ.

ಅದು ಎರಡು ಸಾವಿರದ ಹನ್ನೊಂದರ ಆಗಸ್ಟ್. ಪಕ್ಕದ ಪೇಟೆಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಸತ್ತಿದ್ದ. ಅವನ ಮನೆಯವರು ಠಾಣೆಯ ಮುಂದೆ ನಿಂತು ಯಾಕೆ ಕೊಂದಿರಿ ಎಂದು ಕೇಳಿದರು. ಹೊರಗೆ ಬಂದು ಉತ್ತರ ಹೇಳುವವರು ಸಿಗಲಿಲ್ಲ. ಸಂಜೆಯಾಗುವ ಹೊತ್ತಿಗೆ ಒಂದು ಕಾರು ಉರಿಯಿತು. ಆಮೇಲೆ ಬಸ್ಸು. ಆಮೇಲೆ ಊರು. ಮೂರನೇ ದಿನ ನಮ್ಮ ಪೇಟೆಗೂ ಬಂತು.

ನಾನು ಕೆಲಸ ಮುಗಿಸಿ ಬರುತ್ತಿದ್ದೆ. ಬಸ್ಸು ಅರ್ಧ ದಾರಿಯಲ್ಲಿ ಇಳಿಸಿತು. ಇನ್ನೂ ಬೆಳಕಿತ್ತು. ದೊಡ್ಡ ಬೀದಿಯಲ್ಲಿ ಗಾಜಿನ ಮೇಲೆ ನಡೆದೆ. ಹುಡುಗರು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಚರ್ಚಿಗೆ ಬರುವ ಒಬ್ಬಳು ಎರಡು ಕೈಯಲ್ಲಿ ಶೂ ಡಬ್ಬಿ ಹಿಡಿದು ನನ್ನ ಮುಂದೆಯೇ ಹೋದಳು. ನನ್ನ ಕಣ್ಣು ತಪ್ಪಿಸಿದಳು. ಬೀದಿಯ ಮೂಲೆಯಲ್ಲಿ ಕನಗಸಭೈಯ ದಿನಸಿ ಅಂಗಡಿ. ಜಾಫ್ನಾದ ತಮಿಳ. ಬಾಳೆ, ಉಪ್ಪುಮೀನು, ನಮ್ಮ ಕಡೆಯ ಬ್ರೆಡ್ಡು, ಎಲ್ಲ ಅವನಲ್ಲೇ. ಅವನು ಬಾಗಿಲಲ್ಲಿ ಕೂತಿದ್ದ. ತಡೆಯಲು ಹೋಗಿ ನೂಕಿಸಿಕೊಂಡು ಗಾಜಿನ ಮೇಲೆ ಬಿದ್ದಿದ್ದ. ತೋಳಿಗೆ ಅಂಗಡಿಯ ಟವೆಲ್ ಸುತ್ತಿಕೊಂಡಿದ್ದ. ಹತ್ತಿರ ಹೋದೆ. "ಮನೆಗೆ ಹೋಗಿ ಸಿಸ್ಟರ್," ಅಂದ. ನನ್ನ ಮಗಳು ಒಳಗೆ ಹೋಗಿ ಬಂದು ಆಗಲೇ ಕಾಲು ಗಂಟೆಯಾಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ನಾಲ್ಕು ದಿನದ ಮೇಲೆ ಬಸ್ ನಿಲ್ದಾಣದಲ್ಲಿ ಪೊಲೀಸರು ಫೋಟೊಗಳ ಹಾಳೆ ಅಂಟಿಸಿದ್ದರು. ಅಂಗಡಿಗಳ ಕ್ಯಾಮೆರಾದಿಂದ ತೆಗೆದವು. ಮೂರನೇ ಸಾಲಿನಲ್ಲಿ ನೆರಿಸಾ, ಕನಗಸಭೈಯ ಅಂಗಡಿಯೊಳಗೆ. ನಗುತ್ತಿದ್ದಳು. ಕದ್ದದ್ದಕ್ಕಿಂತ ಆ ನಗು ನನ್ನನ್ನು ಕೊಂದಿತು.

ಮನೆಗೆ ಬಂದವಳೇ ಅವಳ ಮಂಚದ ಕೆಳಗೆ ಎಳೆದು ನೋಡಿದೆ. ಎರಡು ಬಾಟಲಿ ರಮ್. ಒಂದು ಕಟ್ಟು ಬ್ಯಾಟರಿ. ನಮ್ಮ ಮನೆಯಲ್ಲಿ ಬ್ಯಾಟರಿ ಹಾಕುವ ವಸ್ತು ಒಂದೂ ಇಲ್ಲ. ನಮ್ಮಲ್ಲಿ ಯಾರೂ ಕುಡಿಯುವುದಿಲ್ಲ.

"ಯಾಕೆ ತಂದೆ?"

"ಗೊತ್ತಿಲ್ಲ."

"ಹಸಿದಿದ್ದಾ?"

"ಇಲ್ಲ."

"ಯಾರಾದ್ರೂ ಎಳ್ಕೊಂಡು ಹೋದ್ರಾ?"

"ಇಲ್ಲಮ್ಮ. ನಾನೇ ಹೋದೆ." ಮಂಚದ ಅಂಚಿಗೆ ಕೂತಳು. "ಬಾಗಿಲು ಒಡ್ದಿತ್ತು. ಒಳಗೆ ಹೋದೆ. ಯಾರೂ ಹಿಂದೆ ಬರ್ಲಿಲ್ಲ. ನಾನು ಯಾವ ಅಂಗ್ಡಿಗೆ ಹೋದ್ರೂ ಕಾವಲಿನವ್ನು ಒಬ್ಬ ಬೆನ್ನಿಗೇ ಇರ್ತಾನೆ, ನಿಂಗೊತ್ತಲ್ಲ. ಅವತ್ತು ಯಾರೂ ಇರ್ಲಿಲ್ಲ. ಅದಕ್ಕೇ ನಗು ಬಂತು."

"ಕನಗಸಭೈ ಯಾವತ್ತಾದ್ರೂ ನಿನ್ನ ಬೆನ್ನಿಗೆ ಬಂದಿದ್ನಾ?"

ಅವಳು ತಲೆ ತಗ್ಗಿಸಿದಳು. ನಾನು ಹೊಡೆದೆ. ಸುಟ್ಟ ಕೈ, ಬಿಗಿಯಾಗಿಯೇ ಬಿತ್ತು.

ನನಗೇನು ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು. ಅವಳು ಕೇಶಶೃಂಗಾರ ಕಲಿಯುತ್ತಿದ್ದ ಯುವಕೇಂದ್ರಕ್ಕೆ ಆ ವಸಂತದಲ್ಲಿ ಬೀಗ ಬಿದ್ದಿತ್ತು. ಕಾಲೇಜಿಗೆ ಹೋಗಲು ಸರ್ಕಾರ ಕೊಡುತ್ತಿದ್ದ ಬಸ್ಸಿನ ಕಾಸು ನಿಂತಿತ್ತು. ಹದಿನಾಲ್ಕು ವರ್ಷದವಳಾಗಿದ್ದಾಗ ಮೊದಲ ಸಲ ಪೊಲೀಸರು ಬೀದಿಯಲ್ಲಿ ಅವಳ ಚೀಲ ಸುರಿದು ನೋಡಿದ್ದರು. ಮುಟ್ಟಿನ ಪ್ಯಾಡು ಕಾಲುದಾರಿಯ ಮೇಲೆ ಬಿದ್ದಿತ್ತು. ಇವಳೇ ಬಗ್ಗಿ ಎತ್ತಿಕೊಂಡಿದ್ದಳು. ಪೊಲೀಸಿನವನು ಶುಭದಿನ ಎಂದು ಹೇಳಿ ಹೋಗಿದ್ದ. ಇದೆಲ್ಲ ಗೊತ್ತಿದ್ದೂ ಹೊಡೆದೆ. ಕನಗಸಭೈಯ ತೋಳಿನ ಟವೆಲ್ ಕೂಡ ನನಗೆ ಗೊತ್ತಿತ್ತಲ್ಲ.

ಮಾರನೇ ಬೆಳಿಗ್ಗೆ ಠಾಣೆಗೆ ಹೊರಟೆವು. ಬಾಟಲಿ, ಬ್ಯಾಟರಿ ಚೀಲದಲ್ಲಿ. ಅಮ್ಮ ಕುರ್ಚಿಯಿಂದ ಏಳಲಾರದೆ ಕೂತಲ್ಲಿಂದಲೇ ಬೇಡ ಅಂದಳು. ಅವರು ನಿನ್ನ ಒಳ್ಳೆಯತನವನ್ನೂ ನಿನ್ನ ವಿರುದ್ಧವೇ ಬಳಸುತ್ತಾರೆ, ಐವತ್ತು ವರ್ಷ ನೋಡಿದ್ದೇನೆ ಅಂದಳು. ನಾನು ಕೇಳಲಿಲ್ಲ. ತಪ್ಪು ಮಾಡಿದವರು ಒಪ್ಪಿಕೊಂಡರೆ ಕಾನೂನು ಕನಿಕರ ತೋರುತ್ತದೆ ಎಂದು ನಂಬಿದ್ದೆ.

ಎಂಟು ತಿಂಗಳ ಸಜೆ. ಅದಕ್ಕೂ ಮೊದಲು ಅವಳ ಮೇಲೆ ಒಂದು ಕೇಸೂ ಇರಲಿಲ್ಲ. ಆ ವಾರ ಕೋರ್ಟುಗಳು ಬಿಡುವಿಲ್ಲದೆ ನಡೆಯುತ್ತಿದ್ದವು. ಒಬ್ಬೊಬ್ಬರಿಗೂ ಕೆಲವೇ ನಿಮಿಷ. ಬಡತನ, ನಿರುದ್ಯೋಗ ಎಂದು ಯಾರೂ ನೆಪ ಹೇಳಬಾರದು, ಪ್ರತಿಯೊಬ್ಬರೂ ತಮ್ಮ ಕೃತ್ಯಕ್ಕೆ ತಾವೇ ಹೊಣೆ ಎಂದು ನ್ಯಾಯಾಧೀಶರು ಹೇಳಿದರು. ನೆರಿಸಾ ಯಾವ ನೆಪವನ್ನೂ ಹೇಳಿರಲಿಲ್ಲ. ಆರೋಪಿಗಳನ್ನು ನಿಲ್ಲಿಸುವ ಪಂಜರದೊಳಗಿಂದ ನನ್ನ ಕಡೆ ನೋಡಿದಳು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೋಪವಿರಲಿಲ್ಲ.

ನಾನು ಪತ್ರಿಕೆಯಲ್ಲಿ ಬಂದೆ. ಧೀರ ತಾಯಿ ಎಂದು ಬರೆದಿದ್ದರು. ನಮ್ಮ ವಾರ್ಡಿನ ನಗರಸಭಾ ಸದಸ್ಯ ಹಾಲ್ಡೇನ್ ಹೂಗುಚ್ಛ ಹಿಡಿದು ಐದು ಮಹಡಿ ಹತ್ತಿ ಬಂದರು. ಇಪ್ಪತ್ತಾರು ವರ್ಷದಲ್ಲಿ ನಮ್ಮ ಮೆಟ್ಟಿಲು ಹತ್ತಿದ ಮೊದಲ ಸದಸ್ಯ. ಸಭಾಂಗಣದಲ್ಲಿ ಸಭೆ ಇಟ್ಟಿದ್ದೇವೆ, ಈ ಗಲಭೆ ಯಾಕಾಯಿತು ಎಂದು ಚರ್ಚೆ, ನೀವು ವೇದಿಕೆಯ ಮೇಲೆ ಕೂತು ನಾಲ್ಕು ಮಾತು ಹೇಳಬೇಕು ಅಂದರು. ಬೇರೆ ತಾಯಂದಿರಿಗೆ ನೀವು ಮಾದರಿ ಅಂದರು. ಒಪ್ಪಿಕೊಂಡೆ. ಮನಸ್ಸಿನಲ್ಲಿ ಸ್ವಲ್ಪ ಹೆಮ್ಮೆಯೂ ಆಯಿತು. ಸುಳ್ಳು ಹೇಳುವುದಿಲ್ಲ.

ಸಭೆಗೆ ಎರಡು ದಿನವಿದ್ದಾಗ ಅಂಚೆಯಲ್ಲಿ ನೋಟಿಸ್ ಬಂತು. ಅದೇ ನಗರಸಭೆ. ನಿಮ್ಮ ಮನೆಯ ಸದಸ್ಯೆಯೊಬ್ಬಳು ಗಲಭೆಯಲ್ಲಿ ಅಪರಾಧ ಮಾಡಿದ್ದರಿಂದ ಬಾಡಿಗೆ ಕರಾರು ಮುರಿದಿದೆ, ಮನೆ ಖಾಲಿ ಮಾಡಿಸಲು ಕೋರ್ಟಿಗೆ ಹೋಗುತ್ತಿದ್ದೇವೆ ಎಂದಿತ್ತು. ಮೂರು ಸಲ ಓದಿದೆ. ಆಮೇಲೆ ಅಮ್ಮನಿಗೆ ಓದಿ ಹೇಳಿದೆ.

ಅಮ್ಮ ಜಮೈಕಾದಿಂದ ಹಡಗು ಹತ್ತಿ ಬಂದಾಗ ಈ ಊರಿನ ಕಿಟಕಿಗಳಲ್ಲಿ ಕರಿಯರಿಗೆ ಮನೆ ಇಲ್ಲ ಎಂಬ ಬೋರ್ಡುಗಳಿದ್ದವು. ಒಂದು ಚಳಿಗಾಲವಿಡೀ ನಾಲ್ವರು ಹೆಂಗಸರು ಪಾಳಿಯ ಮೇಲೆ ಒಂದೇ ಮಂಚದಲ್ಲಿ ಮಲಗಿದ್ದರಂತೆ. ಅವಳು ನೋಟಿಸನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಆಗ ಬೋರ್ಡು ಕಿಟಕೀಲಿರ್ತಿತ್ತು," ಅಂದಳು. "ಈಗ ಅಂಚೇಲಿ ಕಳಿಸ್ತಾರೆ."

ಸಭೆಗೆ ಹೋದೆ. ಚರ್ಚಿನ ಟೊಪ್ಪಿ ಇಟ್ಟುಕೊಂಡು ಹೋದೆ. ಸಭಾಂಗಣ ತುಂಬಿತ್ತು. ಮೊದಲು ವಿಶ್ವವಿದ್ಯಾಲಯದಿಂದ ಬಂದ ಒಬ್ಬರು ಮಾತಾಡಿದರು. ಒಳ್ಳೆಯ ಮನುಷ್ಯ, ದನಿ ಮೆತ್ತಗಿತ್ತು. ಇವರು ಸಮಾಜ ಹೊರಗಿಟ್ಟ ಜನ, ಅಪ್ಪ ಇಲ್ಲದ ಮನೆ, ಕೆಲಸವಿಲ್ಲದ ಬೀದಿ, ಇಂಥ ಕಡೆ ಬೆಂಕಿ ಏಳದಿದ್ದರೇ ಆಶ್ಚರ್ಯ ಅಂದರು. ಅಂಕಿಅಂಶ ತೋರಿಸಿದರು. ನನ್ನ ಮನೆ ಆ ಅಂಕಿಯೊಳಗಿತ್ತು. ಆಮೇಲೆ ಹಾಲ್ಡೇನ್ ಎದ್ದರು. ಇದೆಲ್ಲ ನೆಪ ಅಂದರು. ಇಟ್ಟಿಗೆ ಎತ್ತಿಕೊಂಡ ಕೈಗೆ ಒಬ್ಬ ಒಡೆಯನಿರುತ್ತಾನೆ, ಅವನೇ ಹೊಣೆ ಅಂದರು. ಇಲ್ಲೊಬ್ಬ ತಾಯಿ ಇದ್ದಾಳೆ, ಅವಳಿಗೂ ಇವರು ಹೇಳಿದ ಎಲ್ಲ ಕಷ್ಟ ಇದೆ, ಆದರೂ ಸರಿತಪ್ಪು ಗೊತ್ತಿದೆ ಎಂದು ನನ್ನ ಕಡೆ ಕೈ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಮೈಕು ನನ್ನ ಮುಂದೆ ಬಂತು.

ನಾನು ಎದ್ದು ನಿಂತೆ. ಮೊದಲು ವಿಶ್ವವಿದ್ಯಾಲಯದವರ ಕಡೆ ತಿರುಗಿದೆ.

"ಸರ್, ನಾನು ಹುಟ್ಟಿದಾಗಿಂದ ಬಡವಿ. ಒಂದು ಗಾಜು ಒಡ್ದಿಲ್ಲ. ಬಡವ್ರು ಅಂದ್ರೆ ಇವತ್ತಲ್ಲ ನಾಳೆ ಕದಿಯೋರು ಅಂತ ನನ್ನ ಮುಂದೆ ಹೇಳ್ಬೇಡಿ. ನನ್ನ ಮಗಳು ಮಳೆ ಅಲ್ಲ, ತಾನಾಗಿ ಸುರಿಯೋಕೆ. ಅವಳಿಗೆ ಬುದ್ಧಿ ಇತ್ತು. ತಪ್ಪು ಮಾಡಿದ್ಲು."

ಹಾಲ್ಡೇನ್ ತಲೆಯಾಡಿಸುತ್ತಿದ್ದರು. ನಾನು ನೋಟಿಸ್ ಬಿಚ್ಚಿ ಪೂರ್ತಿ ಓದಿದೆ. ಕೊನೆಯ ಸಹಿಯವರೆಗೆ.

"ತಪ್ಪು ಮಾಡಿದವರೇ ಹೊಣೆ ಅಂದ್ರಲ್ಲ ನೀವು. ಸರಿ. ನನ್ನ ಮಗಳು ಜೈಲಲ್ಲಿದಾಳೆ. ನಾನೇ ಬಿಟ್ಟು ಬಂದೆ. ಈಗ ಹೇಳಿ, ನಮ್ಮಮ್ಮ ಯಾವ ಅಂಗಡಿ ಒಡೆದ್ಲು? ಅವಳು ಮೆಟ್ಟಿಲು ಇಳಿದೇ ಎರಡು ವರ್ಷ ಆಯ್ತು. ನಾನು ಏನು ಕದ್ದೆ? ನಮ್ಮ ತಪ್ಪು ಬಂದಾಗ ಒಬ್ಬರ ತಪ್ಪಿಗೆ ಮನೆಯೆಲ್ಲ ಹೊಣೆ. ನಿಮ್ಮ ತಪ್ಪು ಬಂದಾಗ ಯಾರೂ ಹೊಣೆ ಅಲ್ಲ. ಯುವಕೇಂದ್ರ ಮುಚ್ಚಿದ್ದು ಯಾರು? ಆ ಗುಂಡು ಹಾರಿಸಿದ್ದು ಯಾರು? ಅವರ ಮನೆಗೆ ನೋಟಿಸ್ ಹೋಯ್ತಾ? ಅವರಮ್ಮನ್ನ ಬೀದಿಗೆ ಹಾಕಿದ್ರಾ?"

ಹಾಲ್ಡೇನ್ ಮೈಕಿಗೆ ಕೈ ಚಾಚಿದರು. ಪ್ರತ್ಯೇಕವಾಗಿ ಮಾತಾಡೋಣ ಅಂದರು.

"ಪ್ರತ್ಯೇಕವಾಗಿ ಬೇಡ. ಎಲ್ಲರ ಮುಂದೆ ಮಾದರಿ ಅಂದ್ರಿ, ಎಲ್ಲರ ಮುಂದೇನೇ ಹೇಳಿ. ಹೇಳೋಕಾಗಲ್ವಾ? ಹಾಗಾದ್ರೆ ನಾನು ನಿಮ್ಮ ಮಾದರಿ ಅಲ್ಲ. ನನ್ನ ಹೆಸರು ಇನ್ನೊಂದು ಸಲ ತೆಗೀಬೇಡಿ."

ವೇದಿಕೆಯಿಂದ ಇಳಿದು ನಡುವಿನ ದಾರಿಯಲ್ಲಿ ನಡೆದು ಹೊರಗೆ ಬಂದೆ. ಪತ್ರಿಕೆಯವರು ಇದನ್ನು ಬರೆಯಲಿಲ್ಲ.

ನವೆಂಬರಿನಲ್ಲಿ ವಸತಿ ಇಲಾಖೆಯ ಅಧಿಕಾರಿಣಿ ಕರೆಸಿಕೊಂಡಳು. ಚಿಕ್ಕ ವಯಸ್ಸಿನವಳು. ಚಹಾ ಕೊಟ್ಟಳು. ಒಂದು ಕಾಗದ ಮುಂದಿಟ್ಟಳು. ನೆರಿಸಾ ಬಿಡುಗಡೆಯಾದ ಮೇಲೆ ಈ ಮನೆಯಲ್ಲಿ ವಾಸ ಮಾಡುವುದಿಲ್ಲ, ಬಂದು ಹೋಗುವುದೂ ಇಲ್ಲ ಎಂದು ನಾನು ಬರೆದುಕೊಡಬೇಕು. ಬರೆದುಕೊಟ್ಟರೆ ನೋಟಿಸ್ ವಾಪಸ್.

"ಅವಳು ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದೆ.

ಅವಳು ವಯಸ್ಕಳು, ಅದು ಅವಳ ಜವಾಬ್ದಾರಿ ಅಂದಳು. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂದಳು. ನಿಮ್ಮ ತಾಯಿಯ ವಯಸ್ಸನ್ನು ಯೋಚಿಸಿ ಅಂದಳು.

ಯೋಚಿಸಿದೆ. ಆ ಕೋಣೆಯಲ್ಲಿ ಕೂತು ನಿಜವಾಗಿ ಯೋಚಿಸಿದೆ. ಪೆನ್ನು ಕೈಯಲ್ಲಿತ್ತು. ಅಮ್ಮನನ್ನು ಎತ್ತಿಕೊಂಡು ಯಾವ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಲಿ ಎಂದು ಲೆಕ್ಕ ಹಾಕಿದೆ. ಕಾಗದದ ಮೇಲೆ ಮಗಳ ಹೆಸರಿನ ಕಾಗುಣಿತ ತಪ್ಪಾಗಿತ್ತು. ಅವಳನ್ನು ಮನೆಯಿಂದ ಹೊರಗೆ ಹಾಕು ಎಂದು ನನಗೆ ಹೇಳುತ್ತಿದ್ದವರಿಗೆ ಅವಳ ಹೆಸರು ಬರೆಯಲು ಬರುತ್ತಿರಲಿಲ್ಲ.

ಪೆನ್ನು ಕೆಳಗಿಟ್ಟೆ. "ಒಂದ್ಸಲ ನಾನೇ ಕರ್ಕೊಂಡು ಬಂದು ನಿಮಗೆ ಒಪ್ಪಿಸ್ದೆ. ಎರಡನೇ ಸಲ ಒಪ್ಸಲ್ಲ. ಕೋರ್ಟಿಗೆ ಹಾಕಿ," ಎಂದು ಹೇಳಿ ಎದ್ದು ಬಂದೆ. ಚಹಾ ಕುಡಿಯಲಿಲ್ಲ.

ಅರ್ಧ ಸಜೆ ಮುಗಿಸಿ ಡಿಸೆಂಬರಿನಲ್ಲಿ ನೆರಿಸಾ ಬಂದಳು. ಕಾಲಿಗೆ ಎಲ್ಲಿದ್ದಾಳೆಂದು ಹೇಳುವ ಯಂತ್ರದ ಪಟ್ಟಿ ಕಟ್ಟಿ ಕಳಿಸಿದ್ದರು. ತೆಳ್ಳಗಾಗಿದ್ದಳು. ಅಜ್ಜಿಯ ಕೂದಲು ಬಾಚಿ ಜಡೆ ಹಾಕಿದಳು. ನೋಟಿಸ್ ವಿಷಯ ಅಜ್ಜಿಯಿಂದಲೇ ಗೊತ್ತಾಯಿತು. ಸಂಜೆ ಅಡಿಗೆಮನೆಗೆ ಬಂದು ನಿಂತಳು.

"ನಾನು ಹೋಗ್ತೀನಮ್ಮ. ಸಹಿ ಹಾಕು."

"ಅನ್ನ ಹಾಕ್ಕೋ."

"ನಾನು ಮಾಡಿದ್ದಕ್ಕೆ ನೀವ್ಯಾಕೆ..."

"ಅದೇ ಪ್ರಶ್ನೆ ಅವರನ್ನ ಕೇಳಿದೀನಿ. ಅವರು ಹೇಳೋವರೆಗೂ ನೀನು ಇಲ್ಲೇ ಇರ್ತೀಯ. ತಟ್ಟೆ ತಗೋ."

ಅವಳು ನಿಂತಲ್ಲೇ ಅತ್ತಳು. ಠಾಣೆಯಲ್ಲಿ ಅತ್ತಿರಲಿಲ್ಲ. ಕೋರ್ಟಿನಲ್ಲೂ ಅತ್ತಿರಲಿಲ್ಲ. ನಾನು ಹೋಗಿ ತಬ್ಬಿಕೊಳ್ಳಲಿಲ್ಲ. ನನಗೆ ಆಗಲಿಲ್ಲ. ಅಕ್ಕಿ ಬೀನ್ಸು ಬಡಿಸಿ ಮುಂದಿಟ್ಟೆ.

ಫೆಬ್ರುವರಿಯಲ್ಲಿ ಮನೆಯ ಕೇಸು ಬಂತು. ಕಾನೂನು ನೆರವಿನ ವಕೀಲೆಯೊಬ್ಬಳು ನಮ್ಮ ಪರ ನಿಂತಳು. ನಗರಸಭೆಯವರು ಸಾಕ್ಷಿಗೆ ಕನಗಸಭೈಯನ್ನು ಕರೆಸಿದ್ದರು. ಆಗಸ್ಟಿನಿಂದ ನಾನು ಅವನ ಅಂಗಡಿಗೆ ಹೋಗಿರಲಿಲ್ಲ. ಮುಖವಿರಲಿಲ್ಲ. ಅವನು ಕಟಕಟೆ ಹತ್ತಿದಾಗ ತೋಳಿನ ಗಾಯದ ಗುರುತು ಅಂಗಿಯ ಕೆಳಗಿಂದ ಇಣುಕುತ್ತಿತ್ತು. ಈ ಕುಟುಂಬ ಹತ್ತಿರದಲ್ಲೇ ಇರುವುದರಿಂದ ನಿಮಗೆ ಭಯವಾಗುತ್ತದೆಯೇ ಎಂದು ನಗರಸಭೆಯ ವಕೀಲ ಕೇಳಿದ.

ಕನಗಸಭೈ ನಮ್ಮ ಕಡೆ ನೋಡಿದ. ಮೊದಲು ನನ್ನನ್ನು, ಆಮೇಲೆ ನೆರಿಸಾಳನ್ನು.

"ಈ ಹುಡುಗೀನ ನಾನು ಕ್ಷಮಿಸಿಲ್ಲ," ಅಂದ. "ಚಿಕ್ಕ ಮಗು ಆಗಿದ್ದಾಗಿಂದ ನನ್ನ ಅಂಗಡಿಗೆ ಬರ್ತಿದ್ಲು. ನಾನು ರಕ್ತ ಸುರಿಸ್ಕೊಂಡು ಕೂತಿದ್ದಾಗ ನನ್ನ ದಾಟ್ಕೊಂಡು ಹೋದ್ಲು. ಕ್ಷಮಿಸಲ್ಲ. ಆದ್ರೆ ಇವಳ ಮನೆ ಕಿತ್ಕೊಳ್ಳಿ ಅಂತ ನಾನು ಕೇಳಿಲ್ಲ. ಯಾರೂ ನನ್ನ ಕೇಳ್ದೆ ನನ್ನ ಹೆಸರು ಬರ್ಕೊಂಡಿದಾರೆ."

ವಕೀಲ ಬೇರೆ ಪ್ರಶ್ನೆಗೆ ಹೋಗಲು ನೋಡಿದ. ಕನಗಸಭೈ ನಿಲ್ಲಿಸಲಿಲ್ಲ.

"ಎಂಬತ್ಮೂರರಲ್ಲಿ ಕೊಲಂಬೊದಲ್ಲಿ ನಮ್ಮನೆ ಸುಟ್ರು. ಎಲ್ಲೋ ಯಾರೋ ತಮಿಳ್ರು ಏನೋ ಮಾಡಿದ್ರು. ಅದಕ್ಕೆ ನಮ್ಮಪ್ಪ ಕಟ್ಟಿದ ಮನೆ ಹೋಯ್ತು. ಅವ್ರು ಸೀಮೆಎಣ್ಣೆ ತಂದಿದ್ರು, ನೀವು ಕಾಗದ ತಂದಿದೀರಿ. ನನ್ನ ಅಂಗಡಿ ಹೆಸರಲ್ಲಿ ಇದು ಬೇಡ."

ನ್ಯಾಯಾಧೀಶರು ಏನೋ ಬರೆದುಕೊಂಡರು. ಈಗ ನನಗೆ ಉತ್ತರ ಸಿಗುತ್ತದೆ ಅಂದುಕೊಂಡೆ. ತಪ್ಪು ಮಾಡದವರ ಮನೆ ಕಸಿಯಬಾರದು ಎಂದು ಈ ದೇಶದ ಒಂದು ಕುರ್ಚಿಯಾದರೂ ಹೇಳುತ್ತದೆ ಅಂದುಕೊಂಡೆ.

ನ್ಯಾಯಾಧೀಶರು ಹೇಳಿದ್ದು ಬೇರೆ. ಕರಾರಿನ ಪ್ರಕಾರ ಅಪರಾಧ ಮನೆಯ ಸುತ್ತಮುತ್ತ ನಡೆದಿರಬೇಕು. ನಕ್ಷೆ ತರಿಸಿದರು. ನಮ್ಮ ಕಟ್ಟಡದಿಂದ ಅಂಗಡಿಯವರೆಗಿನ ದಾರಿ ಅಳೆದರು. ಒಂದು ಮೈಲಿಗಿಂತ ಹೆಚ್ಚಿತ್ತು. ಅದು ಸುತ್ತಮುತ್ತ ಅಲ್ಲ, ಅರ್ಜಿ ವಜಾ ಅಂದರು. ಮನೆ ಉಳಿಯಿತು. ಪಕ್ಕದ ಬೀದಿಯ ಅಂಗಡಿಯಾಗಿದ್ದರೆ ಹೋಗುತ್ತಿತ್ತು.

ನಮ್ಮ ವಕೀಲೆ ಖುಷಿಯಿಂದ ಕೈ ಕುಲುಕಿದಳು. ನಾನು ಎದ್ದು ನಿಂತು, ನನ್ನ ಪ್ರಶ್ನೆಗೆ ಇದು ಉತ್ತರ ಅಲ್ಲ ಸ್ವಾಮಿ ಎಂದೆ. ಕೇಸು ಮುಗಿದಿದೆ ಅಂದರು. ಮುಂದಿನ ಹೆಸರು ಕೂಗಿದರು.

ಹೊರಗಿನ ಮೆಟ್ಟಿಲ ಮೇಲೆ ಕನಗಸಭೈ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. ನೆರಿಸಾ ನನ್ನನ್ನು ಬಿಟ್ಟು ಒಬ್ಬಳೇ ಅವನ ಮುಂದೆ ಹೋದಳು. ತಪ್ಪಾಯ್ತು ಅಂದಳು. ಯಾವ ಕಾರಣವನ್ನೂ ಹೇಳಲಿಲ್ಲ. ಅವನು ಕೇಳಿಸಿಕೊಂಡ.

"ಒಳಗೆ ಹೇಳಿದ್ದು ನಿಜ. ಕ್ಷಮಿಸಿಲ್ಲ," ಅಂದ. "ಅಂಗಡಿಗೆ ಬರ್ಬೇಡ. ನಿಮ್ಮಮ್ಮ ಬರ್ಲಿ."

"ಸರಿ ಅಂಕಲ್," ಅಂದಳು.

ಈಗ ನಾನು ಶನಿವಾರ ಅಲ್ಲಿಗೆ ಹೋಗುತ್ತೇನೆ. ಅವನು ಚೀಲ ತುಂಬಿಕೊಡುತ್ತಾನೆ. ಮಗಳ ಮಾತು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ನೆರಿಸಾ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ಜೈಲಿಗೆ ಹೋಗಿದ್ದೀರಾ ಎಂದು ಅರ್ಜಿಯಲ್ಲಿ ಕೇಳದ ಕೆಲಸ ಅದೊಂದೇ ಸಿಕ್ಕಿತು. ಬಸ್ಸಿಳಿದು ಕೆಲಸಕ್ಕೆ ನಡೆಯುವಾಗ ಕನಗಸಭೈಯ ಅಂಗಡಿಯ ಮೂಲೆ ಬರುವ ಮೊದಲೇ ರಸ್ತೆ ದಾಟಿ ಎದುರುಗಡೆಯ ಕಾಲುದಾರಿ ಹಿಡಿಯುತ್ತಾಳೆ. ಮಳೆಯಿರಲಿ, ತಡವಾಗಿರಲಿ, ದಾಟುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ಐದನೇ ಮಹಡಿಯಿಂದ ಬಸ್ ನಿಲ್ದಾಣಕ್ಕೆ ಹೊರಟ ಅವಳ ಬೆನ್ನು ನೋಡುವಾಗೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಗುಂಡು ಹಾರಿಸಿದವರಿದ್ದಾರೆ. ಕೇಂದ್ರಕ್ಕೆ ಬೀಗ ಹಾಕಿದವರಿದ್ದಾರೆ. ಎಂಬತ್ತೊಂದು ವರ್ಷದ ಮುದುಕಿಯನ್ನು ಬೀದಿಗೆ ಹಾಕಲು ಸಹಿ ಮಾಡಿದವರಿದ್ದಾರೆ. ಅವರೆಲ್ಲ ಇದೇ ಊರಿನಲ್ಲಿ ಓಡಾಡುತ್ತಾರೆ. ಅವರಲ್ಲಿ ಒಬ್ಬರೂ ಯಾರ ಬಾಗಿಲು ಕಂಡೂ ರಸ್ತೆ ದಾಟಿದ್ದನ್ನು ನಾನು ನೋಡಿಲ್ಲ.